ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಸಂಖ್ಯೆ: ಶ್ರೀನಿವಾಸ ರಾಮಾನುಜನ್

ಕನ್ನಡಿಗರ ತಾಳವಾಡಿ ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಆ ಈರೋಡು ಪಟ್ಟಣದಲ್ಲಿಯೇ, ತಾಯಿಯ ತವರುಮನೆಯಲ್ಲಿ, 1887ರ ಡಿಸೆಂಬರ್ 22ರಂದು ಶ್ರೀನಿವಾಸ ರಾಮಾನುಜನ್ ಜನಿಸಿದರು. ಬೆಳೆದದ್ದು ಕುಂಭಕೋಣದಲ್ಲಿ, ತಂದೆ ಜವಳಿ ಅಂಗಡಿಯೊಂದರ ಗುಮಾಸ್ತರು.

1904ರಲ್ಲಿ ಪ್ರೌಢಶಾಲೆ ಮುಗಿಸಿ, ವಿದ್ಯಾರ್ಥಿವೇತನ ಪಡೆದು ರಾಮಾನುಜನ್ ಕಾಲೇಜು ಸೇರಿದರು. ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದ್ದರಿಂದ ಆ ವೇತನ ಕೈತಪ್ಪಿತು. ಮುಂದೆ ಮದರಾಸಿನಲ್ಲಿ ಓದಿದರೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯಿಲ್ಲದ ಆ ತರುಣನಿಗೆ 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ದೊರೆಯಿತು. ಮರುವರ್ಷ ಅವರು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ತಮ್ಮ ಶೋಧಗಳನ್ನು ಬರೆದು ಕಳುಹಿಸಿದರು; 1914ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹಡಗು ಏರಿದರು.

ಅಲ್ಲಿ 1915ರಲ್ಲಿ ಪ್ರಕಟವಾದ ಅವರ ದೀರ್ಘ ಪ್ರಬಂಧದ ವಸ್ತು ಅತಿಸಂಯುಕ್ತ ಸಂಖ್ಯೆಗಳು. 12ನ್ನು 1, 2, 3, 4, 6, 12 ಶೇಷವಿಲ್ಲದೆ ಭಾಗಿಸುತ್ತವೆ. ಆದುದರಿಂದ ಅದಕ್ಕೆ 6 ಅಪವರ್ತನಗಳು. 12ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಅಪವರ್ತನಗಳಿಲ್ಲ. ಹೀಗೆ ತನಗಿಂತ ಚಿಕ್ಕವಾದ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಅಪವರ್ತನಗಳುಳ್ಳದ್ದೇ ಅತಿಸಂಯುಕ್ತ ಸಂಖ್ಯೆ. 24, 36, 48, 60 ಇದೇ ವರ್ಗಕ್ಕೆ ಸೇರಿದವು. ಇಂತಹ ಸಂಖ್ಯೆಯನ್ನು ಬಿಡಿಸಿದಾಗ 2ರಿಂದ ಮೊದಲಾಗಿ ಅವಿಭಾಜ್ಯ ಸಂಖ್ಯೆಗಳು ಒಂದೂ ಬಿಡದೆ ಸಾಲಾಗಿ ಬರುತ್ತವೆ. ಅವುಗಳ ಘಾತಗಳು ಮುಂದೆ ಹೋದಂತೆ ಇಳಿಯಬಹುದೇ ಹೊರತು ಏರುವುದಿಲ್ಲ.

ಪ್ರಬಂಧದ ಪಟ್ಟಿಯಲ್ಲಿ ಇಂತಹ 102 ಸಂಖ್ಯೆಗಳಿವೆ. ಕೊನೆಯದು 67,46,32,83,88,800, ಅದಕ್ಕೆ 10,080 ಅಪವರ್ತನಗಳು. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಇಷ್ಟು ದೂರ ಸಾಗಿದ ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿತ್ತು: 2,93,31,86,25,600. ಅದರ ಅಪವರ್ತನಗಳು 5,040. ಸೋಜಿಗವೆಂದರೆ, ಇದನ್ನೇ 23ರಿಂದ ಗುಣಿಸಿದರೆ ಪಟ್ಟಿಯ ಕೊನೆಯ ಸಂಖ್ಯೆ ದೊರೆಯುತ್ತದೆ.

ಈ ಲೋಪದಿಂದ ಪ್ರಬಂಧದ ಬೆಲೆ ಕುಂದಲಿಲ್ಲ. ಎಫ್.ಎ. ದಾಟಲಾಗದ ವಿದ್ಯಾರ್ಥಿಗೆ 1916ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಬಿ.ಎ. ಪದವಿ ನೀಡಿದ್ದು ಇದೇ ಸಂಶೋಧನೆಗಾಗಿ. 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಆದರೆ ಆರೋಗ್ಯ ಆಗಲೇ ಕೆಟ್ಟಿತ್ತು. 1919ರಲ್ಲಿ ತಾಯ್ನಾಡಿಗೆ ಮರಳಿದ ರಾಮಾನುಜನ್ 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಬಿಟ್ಟುಹೋದ ಆ ಸಂಖ್ಯೆಯನ್ನು ಮಕ್ಕಳು ಕಾಗದದ ಮೇಲೆ ತಾವೇ ಕಟ್ಟಬಹುದು: ಆರು 2, ನಾಲ್ಕು 3, ಎರಡು 5, ಎರಡು 7, ಮತ್ತು 11, 13, 17, 19 ಒಂದೊಂದು. ಎಲ್ಲವನ್ನೂ ಗುಣಿಸಿ ನೋಡಿ.