ಉಚಿತ ಪ್ರಸಾದದಿಂದ ಪಾಲಿಮರ್ ವಿಜ್ಞಾನದವರೆಗೆ: ಸುತ್ತೂರು ರಾಜೇಂದ್ರ ಶ್ರೀಗಳ ಹಾದಿ

ಕೂದಲೆಳೆಗಿಂತ ನೂರಾರು ಪಟ್ಟು ಸಪೂರವಾದ ಪಾಲಿಮರ್ ನಾರು. ಅದರ ಮೇಲೆ ವಿದ್ಯುತ್ ಹರಿಸಬಲ್ಲ ಪಾಲಿಅನಿಲೀನ್‌ನಂತಹ ವಸ್ತುವಿನ ಲೇಪ. ಬಟ್ಟೆಯಂತೆ ಬಾಗುವ ಹಗುರ ವಿದ್ಯುತ್ ಸಂಗ್ರಾಹಕಗಳಿಗಾಗಿ ಜಗತ್ತಿನ ಪ್ರಯೋಗಾಲಯಗಳು ಹಿಡಿದಿರುವ ದಾರಿಗಳಲ್ಲಿ ಇದೂ ಒಂದು. ಇದಕ್ಕೆ ತಳಹದಿಯಾದ ಪಾಲಿಮರ್ ವಿಜ್ಞಾನವನ್ನು ಬೋಧಿಸುವ ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ ಬೇರು ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿದೆ. ಆ ಸಂಸ್ಥೆಯನ್ನು ಕಟ್ಟಿದವರು ಸುತ್ತೂರು ಮಠದ 23ನೇ ಪೀಠಾಧಿಪತಿ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ.

1916ರ ಆಗಸ್ಟ್ 29ರಂದು ಜನಿಸಿದ ಶ್ರೀಗಳಿಗೆ ಎಳೆಯ ವಯಸ್ಸಿನಲ್ಲೇ ಪೀಠದ ಹೊಣೆ ಒದಗಿತು. ಮೈಸೂರು ಮತ್ತು ಕಾಶಿಯಲ್ಲಿ ಅವರ ಸಂಸ್ಕೃತ ವ್ಯಾಸಂಗ ನಡೆಯಿತು. ಓದಲೆಂದು ಮೈಸೂರಿಗೆ ಬರುವ ಹಳ್ಳಿಯ ಹುಡುಗರಿಗೆ ಊಟ, ವಸತಿಯೇ ದೊಡ್ಡ ತೊಡಕೆಂಬುದನ್ನು ಕಂಡ ಅವರು 1941ರಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಯುದ್ಧಕಾಲದ ಅಭಾವದಲ್ಲಿ ದವಸಧಾನ್ಯ ದುರ್ಲಭವಾದಾಗ ಮಠದ ಬಂಗಾರದ ವಸ್ತುಗಳನ್ನು ಮಾರಿ ವಿದ್ಯಾರ್ಥಿಗಳ ಹಸಿವು ನೀಗಿಸಿದರು. ಪರಂಪರೆಯಿಂದ ಬಂದ ಸೊತ್ತನ್ನು ಉಳಿಸುವುದೋ, ಮಕ್ಕಳ ಓದನ್ನು ಉಳಿಸುವುದೋ ಎಂಬ ಸಂದಿಗ್ಧದಲ್ಲಿ ಅವರು ಎರಡನೆಯದನ್ನೇ ಆರಿಸಿಕೊಂಡರು.

1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪನೆಯಾಯಿತು. 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, 1973ರಲ್ಲಿ ಔಷಧ ವಿಜ್ಞಾನ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಆರಂಭಗೊಂಡವು. ಧರ್ಮಪೀಠವೊಂದು ತಾಂತ್ರಿಕ ಶಿಕ್ಷಣಕ್ಕೆ ಹೀಗೆ ಹೆಗಲು ಕೊಟ್ಟಿದ್ದರಿಂದ ಗ್ರಾಮೀಣ ಕುಟುಂಬಗಳಿಗೂ ಎಂಜಿನಿಯರಿಂಗ್ ಪದವಿ ಕೈಗೆಟುಕುವ ಮಾತಾಯಿತು.

ಪ್ಲಾಸ್ಟಿಕ್ಕಿನ ಜಾತಿಯ ವಸ್ತುವೂ ಲೋಹದಂತೆ ವಿದ್ಯುತ್ ಹರಿಸಬಲ್ಲದೆಂದು ಹೀಗರ್, ಮ್ಯಾಕ್‌ಡೈರ್ಮಿಡ್ ಮತ್ತು ಶಿರಾಕಾವಾ 1977ರಲ್ಲಿ ತೋರಿಸಿಕೊಟ್ಟಾಗ ಶ್ರೀಗಳು ಇನ್ನೂ ಪೀಠದಲ್ಲಿದ್ದರು. ಆ ಶೋಧಕ್ಕೆ 2000ದಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ನ್ಯಾನೋ ನಾರುಗಳ ಸಂಶೋಧನೆ ವ್ಯಾಪಕವಾಗುವ ಮೊದಲೇ, 1986ರ ಡಿಸೆಂಬರ್ 6ರಂದು, ಅವರು ಲಿಂಗೈಕ್ಯರಾದರು.

ಅವರು ಕಟ್ಟಿದ ಎಂಜಿನಿಯರಿಂಗ್ ಕಾಲೇಜು 2016ರಲ್ಲಿ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಅಂಗವಾಯಿತು. ಪಾಲಿಮರ್ ವಿದ್ಯಾರ್ಥಿಗಳ ಮುಂದೆ ಇಂದು ಬಗೆಹರಿಯದ ಪ್ರಶ್ನೆಗಳಿವೆ. ಪ್ರತಿ ಬಾರಿ ಚಾರ್ಜ್ ಆಗಿ ಖಾಲಿಯಾಗುವಾಗಲೂ ನಾರಿನ ಮೇಲಿನ ಪಾಲಿಅನಿಲೀನ್ ಲೇಪ ಹಿಗ್ಗಿ ಕುಗ್ಗುತ್ತದೆ. ಕ್ರಮೇಣ ಬಿರುಕು ಬಿಟ್ಟು ಅದರ ಸಾಮರ್ಥ್ಯ ಕುಂದುತ್ತದೆ. ಅದನ್ನು ಬಾಳಿಕೆ ಬರುವಂತೆ ಮಾಡಲು ವರ್ಷಗಳ ಏಕಾಗ್ರ ಅಧ್ಯಯನ ಬೇಕು. ಅಂತಹ ಅಧ್ಯಯನಕ್ಕೆ ಹಳ್ಳಿಯ ಮಕ್ಕಳೂ ಹೊಟ್ಟೆಯ ಚಿಂತೆಯಿಲ್ಲದೆ ಕೂರುವಂತಾಗಬೇಕೆಂಬುದೇ 1941ರಲ್ಲಿ ತೆರೆದ ಆ ಪ್ರಸಾದ ನಿಲಯದ ಉದ್ದೇಶವಾಗಿತ್ತು.