ಪೆಸ್ಟಲೊಜ್ಜಿಯೂ ಸ್ಟಾನ್ಸ್ ಊರಿನ ಅನಾಥ ಮಕ್ಕಳೂ

ಬಾಸೆಲ್ ಎಂಬ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಆ ಪಟ್ಟಣವಿರುವ ಸ್ವಿಸ್ ದೇಶದಲ್ಲಿಯೇ, ಜ್ಯೂರಿಕ್ ಎಂಬಲ್ಲಿ, 1746ನೆಯ ಇಸವಿ ಜನವರಿ 12ರಲ್ಲಿ ಯೋಹಾನ್ ಹೈನ್ರಿಖ್ ಪೆಸ್ಟಲೊಜ್ಜಿ ಎಂಬವನು ಹುಟ್ಟಿದನು. ಅವನು ಐದು ವರುಷದವನಿರುವಾಗ ತಂದೆಯು ತೀರಿಹೋದದರಿಂದ ತಾಯಿಯೂ ಬಾಬೆಲಿ ಎಂಬ ನಂಬಿಗಸ್ತ ದಾಸಿಯೂ ಬಡತನದಲ್ಲಿ ಅವನನ್ನು ಸಾಕಿದರು. ಒಬ್ಬರ ಕಷ್ಟವನ್ನು ಮತ್ತೊಬ್ಬರು ಅರಿಯುವ ವಿಧವನ್ನು ಅವನು ಈ ಇಬ್ಬರು ಸ್ತ್ರೀಯರಿಂದಲೇ ಮೊದಲು ಕಲಿತನೆಂದು ನಾವು ಎಣಿಸುತ್ತೇವೆ.

ಆ ಕಾಲದ ಉಪಾಧ್ಯಾಯರಲ್ಲಿ ಅನೇಕರು ನೆರೆಯವನನ್ನು ಪ್ರೀತಿಸಬೇಕೆಂಬ ಮಾತನ್ನು ಮಗ್ಗಿಯಂತೆ ಬಾಯಿಪಾಠವಾಗಿ ಒಪ್ಪಿಸಿಕೊಂಡು ತೃಪ್ತರಾಗುತ್ತಿದ್ದರು. ಪಕ್ಕದಲ್ಲಿ ಕೂತ ಹುಡುಗನು ಉಂಡು ಬಂದನೋ ಇಲ್ಲವೋ ಎಂಬದು ಪಾಠಕ್ಕೆ ಸೇರಿದ್ದಲ್ಲ. ಪೆಸ್ಟಲೊಜ್ಜಿಯು 1774ರಲ್ಲಿ ನೊಯ್‌ಹೋಫ್ ಎಂಬ ತನ್ನ ಹೊಲಮನೆಯಲ್ಲಿ ಬಡಮಕ್ಕಳಿಗೆ ಕೈಕೆಲಸವನ್ನೂ ಓದನ್ನೂ ಕಲಿಸಲಾರಂಭಿಸಿದನು. ಹಣದ ಲೆಕ್ಕಾಚಾರ ಅವನಿಗೆ ಬಾರದು. 1780ರಲ್ಲಿ ಶಾಲೆಯು ಮುಚ್ಚಿಹೋಯಿತು.

1798ರ ಸೆಪ್ಟೆಂಬರ್ ತಿಂಗಳಲ್ಲಿ ಫ್ರೆಂಚ್ ಸೈನ್ಯದವರು ಸ್ಟಾನ್ಸ್ ಸೀಮೆಯ ಮನೆಗಳನ್ನು ಸುಟ್ಟು ಅನೇಕರನ್ನು ಕೊಂದರು. ಮುಂದಿನ ಜನವರಿಯಲ್ಲಿ ಸರಕಾರದವರು ಅಲ್ಲಿಯ ಒಂದು ಕನ್ಯಾಮಠದಲ್ಲಿ ಅನಾಥಶಾಲೆಯನ್ನು ತೆರೆದು ಇವನಿಗೆ ಒಪ್ಪಿಸಿದರು. ಊರಿನವರು ಕಥೋಲಿಕರು, ಇವನು ಪ್ರೊಟೆಸ್ಟಂಟನು. ಸಾಲದ್ದಕ್ಕೆ ಫ್ರೆಂಚರ ಪಕ್ಷದ ಸರಕಾರದ ಆಳು. ಅವರು ಹೇಗೆ ನಂಬಿಯಾರು? ಕಜ್ಜಿ ಹತ್ತಿದವರೂ ಭಿಕ್ಷೆ ಬೇಡಿದವರೂ ಆದ ಸುಮಾರು 80 ಮಕ್ಕಳು ಬಂದು ಸೇರಿದರು. ಒಬ್ಬ ಮನೆಗೆಲಸದವಳ ಹೊರತು ಅವನಿಗೆ ಸಹಾಯಕರಿಲ್ಲ. ಮಕ್ಕಳೊಂದಿಗೆ ಉಂಡನು, ಅವರ ನಡುವೆ ಮಲಗಿದನು, ರೋಗಿಗಳನ್ನು ಆರೈಕೆ ಮಾಡಿದನು. ಶಿಕ್ಷೆಗಾಗಿ ಹೊಡೆದದ್ದೂ ಉಂಟು. ಅದನ್ನು ಅವನು ಮರೆಮಾಡಲಿಲ್ಲ. ಪಾಠ ಬಲ್ಲ ಹುಡುಗನು ತಿಳಿಯದ ಇಬ್ಬರ ನಡುವೆ ಕೂತು, ಎರಡು ತೋಳುಗಳಿಂದ ಅವರನ್ನು ತಬ್ಬಿಕೊಂಡು, ತನಗೆ ಗೊತ್ತಿದ್ದದ್ದನ್ನು ಹೇಳಿಕೊಡುತ್ತಿದ್ದನು.

1799ರ ಏಪ್ರಿಲಿನಲ್ಲಿ ಹತ್ತಿರದ ಅಲ್ಟ್‌ಡೋರ್ಫ್ ಪಟ್ಟಣವು ಬೆಂಕಿಗೆ ತುತ್ತಾಯಿತು. ಪೆಸ್ಟಲೊಜ್ಜಿಯು ಮಕ್ಕಳನ್ನು ಸುತ್ತಲೂ ಕೂಡಿಸಿ, ಅಲ್ಲಿಯ ದಿಕ್ಕಿಲ್ಲದ ಸುಮಾರು 20 ಮಕ್ಕಳನ್ನು ಇಲ್ಲಿಗೆ ಕರೆಯಿಸಬಹುದೋ ಎಂದು ಕೇಳಿದನು. ಎಲ್ಲರೂ ಆಗಲೆಂದು ಕೂಗಿದರು. ಬೇರೊಬ್ಬ ಉಪಾಧ್ಯಾಯನಾಗಿದ್ದರೆ ಅಷ್ಟಕ್ಕೇ ಸಂತೋಷಪಡುತ್ತಿದ್ದನು. ಇವನು ಹಾಗೆ ಬಿಡದೆ, ಇರುವ ಹಣ ಸ್ವಲ್ಪವೇ, ಅವರು ಬಂದರೆ ಊಟ ಕಡಿಮೆಯಾದೀತು, ಕೆಲಸ ಹೆಚ್ಚೀತು, ತೊಟ್ಟ ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು ಎಂದು ವಿವರಿಸಿ, ಆಲೋಚಿಸಿ ಹೇಳಿರೆಂದನು. ಹಸಿವೆಯನ್ನು ಚೆನ್ನಾಗಿ ಬಲ್ಲ ಆ ಮಕ್ಕಳು ಎಲ್ಲವನ್ನು ತಿಳುಕೊಂಡೂ ಅವರು ಬರಲೆಂದೇ ಹೇಳಿದರು. ಮೊದಲು ಮಗುವಿನ ಮನಸ್ಸು ಮರುಗಬೇಕು, ಅದಕ್ಕೆ ಹೆಸರು ಕೊಡುವ ಮಾತು ಆಮೇಲೆ ಎಂಬದು ಅವನಿಗೆ ಇಲ್ಲಿ ದೃಢವಾಯಿತು.

ಜೂನ್ 8ರಲ್ಲಿ ಆ ಕಟ್ಟಡವನ್ನು ಫ್ರೆಂಚ್ ಸೈನಿಕರ ಆಸ್ಪತ್ರೆಗಾಗಿ ತೆಗೆದುಕೊಂಡರು. ಐದು ತಿಂಗಳೂ ತುಂಬಿರಲಿಲ್ಲ.

ಅನಂತರ ಬುರ್ಗ್‌ಡೋರ್ಫಿನಲ್ಲಿಯೂ 1805ರಿಂದ ಇವೆರ್ಡೊನಿನಲ್ಲಿಯೂ ಅವನು ನಡೆಸಿದ ಶಾಲೆಗಳನ್ನು ನೋಡಲು ದೂರದೇಶಗಳವರು ಬಂದರು. ಫ್ರೇಬೆಲನೂ ಅಲ್ಲಿ ಇದ್ದು ಕಲಿತನು. ಆದರೆ ಇವೆರ್ಡೊನಿನ ಉಪಾಧ್ಯಾಯರು ತಮ್ಮತಮ್ಮೊಳಗೆ ಜಗಳವಾಡಿ ಎರಡು ಪಕ್ಷವಾದರು. ಮಕ್ಕಳನ್ನು ಒಂದು ಮನೆಯವರಂತೆ ಮಾಡಿದವನಿಗೆ ಈ ದೊಡ್ಡವರನ್ನು ಕೂಡಿಸಲು ಆಗಲಿಲ್ಲ. 1825ರಲ್ಲಿ ಶಾಲೆಯನ್ನು ಮುಚ್ಚಿ ನೊಯ್‌ಹೋಫಿಗೆ ಹಿಂತಿರುಗಿದನು. 1827ರ ಫೆಬ್ರವರಿ 17ರಲ್ಲಿ ತೀರಿಹೋದನು. ಬಿರ್ ಎಂಬ ಹಳ್ಳಿಯಲ್ಲಿ, ಶಾಲೆಯ ಪಕ್ಕದಲ್ಲಿ, ಅವನನ್ನು ಹೂಣಿಟ್ಟರು.