ದೂರದ ನಾಡಿನ ಬಂಧುಗಳು

ಬಂಧುತ್ವವು ಹುಟ್ಟಿನಿಂದ ಮಾತ್ರ ಬರುವುದಲ್ಲ. ಭಾಷೆ ತಿಳಿಯದ, ಆಚಾರವರಿಯದ ನಾಡಿನಲ್ಲಿಯೂ ಕಷ್ಟಕಾಲದಲ್ಲಿ ಬಂಧುಗಳು ದೊರೆಯುವುದುಂಟು. ಭಾರತದ ಸ್ವಾತಂತ್ರ್ಯಕ್ಕಾಗಿ ತಾಯ್ನೆಲವನ್ನು ತೊರೆದು, ಬಾಳಿನ ಕೊನೆಯ ಮೂವತ್ತು ವರ್ಷಗಳನ್ನು ಜಪಾನಿನಲ್ಲಿ ಕಳೆದ ರಾಸ್‌ಬಿಹಾರಿ ಬೋಸರ ಜೀವನವು ಇದಕ್ಕೆ ನಿದರ್ಶನವಾಗಿದೆ.

ಬೋಸರು 1886ನೆಯ ಇಸವಿ ಮೇ 25ರಂದು ಬಂಗಾಳದಲ್ಲಿ ಜನಿಸಿದರು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದ ಅವರು ಹೊರನೋಟಕ್ಕೆ ವಿಧೇಯ ನೌಕರರು. ಒಳಗೆ ಕ್ರಾಂತಿಕಾರರ ಮುಂದಾಳು. 1912ರ ಡಿಸೆಂಬರ್ 23ರಂದು ದೆಹಲಿಯಲ್ಲಿ ಆನೆಯ ಮೇಲೆ ಮೆರವಣಿಗೆ ಹೊರಟಿದ್ದ ವೈಸರಾಯ್ ಹಾರ್ಡಿಂಜರ ಮೇಲೆ ಬಾಂಬು ಬಿತ್ತು. ಆ ಸಂಚಿನ ಸೂತ್ರಧಾರರು ಬೋಸರೇ ಎಂಬುದು ತಿಳಿಯಲು ಸರ್ಕಾರಕ್ಕೆ ಬಹಳ ಕಾಲ ಹಿಡಿಯಿತು. 1915ರ ಫೆಬ್ರವರಿಯಲ್ಲಿ ಸೈನಿಕರ ದಂಗೆಯನ್ನೆಬ್ಬಿಸಲು ಅವರು ಹೂಡಿದ ಯೋಜನೆಯು ಗೂಢಚಾರನೊಬ್ಬನಿಂದ ಬಯಲಾಯಿತು. ಸಂಗಡಿಗರು ಅನೇಕರು ಸೆರೆಸಿಕ್ಕರು. ಬೋಸರು ಕವಿ ರವೀಂದ್ರನಾಥ ಠಾಕೂರರ ಬಂಧುವೆಂದು ಹೇಳಿಕೊಂಡು, ಪಿ. ಎನ್. ಠಾಕೂರ್ ಎಂಬ ಹೆಸರಿನಿಂದ ಮೇ ತಿಂಗಳಲ್ಲಿ ಕಲ್ಕತ್ತೆಯಿಂದ ಹಡಗನ್ನೇರಿದರು.

ಜೂನ್ ತಿಂಗಳಲ್ಲಿ ಅವರು ಜಪಾನನ್ನು ಸೇರಿದರು. ಟೋಕಿಯೋದಲ್ಲಿ ಆಗ ಚೀನದ ನಾಯಕ ಸನ್ ಯಾಟ್ ಸೆನ್ ಅವರೂ ದೇಶಭ್ರಷ್ಟರಾಗಿ ನೆಲೆಸಿದ್ದರು. ಅವರ ಮೂಲಕ ಬೋಸರಿಗೆ ಟೋಯಾಮಾ ಮಿತ್ಸುರು ಎಂಬ ಪ್ರಭಾವಶಾಲಿಯ ಪರಿಚಯವಾಯಿತು. ಆದರೆ ಜಪಾನು 1902ರಿಂದ ಬ್ರಿಟನ್ನಿನ ಮಿತ್ರರಾಷ್ಟ್ರ. ಬ್ರಿಟಿಷರ ಒತ್ತಾಯಕ್ಕೆ ಮಣಿದ ಜಪಾನಿ ಸರ್ಕಾರವು ಬೋಸರೂ ಅವರ ಸಂಗಡಿಗ ಹೇರಂಬಲಾಲ್ ಗುಪ್ತರೂ ಡಿಸೆಂಬರ್ 2ರೊಳಗೆ ದೇಶವನ್ನು ಬಿಡಬೇಕೆಂದು ನವೆಂಬರ್ ಕೊನೆಯಲ್ಲಿ ಆಜ್ಞೆ ಹೊರಡಿಸಿತು. ಜಪಾನನ್ನು ಬಿಟ್ಟರೆ ಬ್ರಿಟಿಷರ ಕೈಸೆರೆ. ಅದರ ಮುಂದೆ ನೇಣುಗಂಬ.

ಟೋಕಿಯೋದ ಶಿಂಜುಕುವಿನಲ್ಲಿ ನಾಕಾಮುರಾಯಾ ಎಂಬ ರೊಟ್ಟಿಯಂಗಡಿಯಿತ್ತು. ಅದರ ಒಡೆಯರು ಸೋಮಾ ಐಜೋ ಮತ್ತು ಅವರ ಪತ್ನಿ ಕೊಕ್ಕೋ. ಬೋಸರ ಸಂಕಟವನ್ನು ಪತ್ರಿಕೆಯಲ್ಲಿ ಓದಿದ ಐಜೋ, ಅಂಗಡಿಗೆ ಬಂದ ಪತ್ರಕರ್ತರೊಬ್ಬರೊಡನೆ ಮಾತನಾಡುತ್ತ, ಅಗತ್ಯವಾದರೆ ತಾವೇ ಆಶ್ರಯ ಕೊಡುವುದಾಗಿ ತಿಳಿಸಿದರು. ಆ ಮಾತು ಟೋಯಾಮಾರ ಕಿವಿಗೆ ಮುಟ್ಟಿತು. ಡಿಸೆಂಬರ್ 1ರ ರಾತ್ರಿ ಬೋಸರು ಬೀಳ್ಕೊಳ್ಳುವ ನೆಪದಿಂದ ಟೋಯಾಮಾರ ಮನೆಗೆ ಹೋದರು. ಜಪಾನಿನಲ್ಲಿಯೂ ನಮ್ಮಲ್ಲಿಯಂತೆ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಮನೆಯೊಳಗೆ ಹೋಗುವ ಪದ್ಧತಿಯುಂಟು. ಬಾಗಿಲಲ್ಲಿ ಬೂಟುಗಳನ್ನು ಕಂಡ ಪೋಲೀಸರು ಅತಿಥಿಗಳು ಒಳಗಿರುವರೆಂದೇ ಕಾದರೆಂದು ಹೇಳುತ್ತಾರೆ. ಅಷ್ಟರಲ್ಲಿ ಬೋಸರು ಹಿಂಬಾಗಿಲಿನಿಂದ ಹೊರಟು ಕಾರಿನಲ್ಲಿ ನಾಕಾಮುರಾಯಾ ತಲುಪಿದ್ದರು.

ಅಂಗಡಿಯ ಹಿಂದೆ ಚಿತ್ರಕಾರರು ಬಳಸುತ್ತಿದ್ದ ಕೋಣೆಯೊಂದಿತ್ತು. ಅದೇ ಬೋಸರ ಅಜ್ಞಾತವಾಸದ ನೆಲೆಯಾಯಿತು. ಬೀದಿಗೆ ಕಾಲಿಡುವಂತಿರಲಿಲ್ಲ. ಐಜೋ ಕೆಲಸಗಾರರನ್ನೆಲ್ಲ ಕರೆದು ಗುಟ್ಟನ್ನು ಕಾಪಾಡುವಂತೆ ಕೇಳಿಕೊಂಡರು. ಅವರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಇಂಗ್ಲಿಷ್ ಬಲ್ಲ ಕೊಕ್ಕೋ ಬೋಸರಿಗೆ ತಾಯಿಯಂತಾದರು. ಬೋಸರು ಈ ಬಿಡುವನ್ನು ವ್ಯರ್ಥಗೊಳಿಸದೆ ಜಪಾನಿ ಭಾಷೆಯನ್ನು ಶ್ರದ್ಧೆಯಿಂದ ಕಲಿತರು. ಮುಂದೆ ಆ ಭಾಷೆಯಲ್ಲಿ ಗ್ರಂಥಗಳನ್ನೇ ಬರೆಯುವಷ್ಟು ಪ್ರಭುತ್ವ ಪಡೆದರು.

1916ರಲ್ಲಿ ಸರ್ಕಾರವು ಆಜ್ಞೆಯನ್ನು ಕೈಬಿಟ್ಟರೂ ಬ್ರಿಟಿಷ್ ಗೂಢಚಾರರು ಬೆನ್ನುಬಿಡಲಿಲ್ಲ. ಬೋಸರು ಮನೆಯಿಂದ ಮನೆಗೆ ಅಲೆಯಬೇಕಾಯಿತು. ಜಪಾನಿ ಪತ್ನಿಯೊಬ್ಬಳು ಜೊತೆಗಿದ್ದರೆ ರಕ್ಷಣೆಯಾದೀತೆಂದು ಟೋಯಾಮಾ, ಸೋಮಾ ದಂಪತಿಗಳ ಹಿರಿಯ ಮಗಳು ತೋಷಿಕೋಳ ಹೆಸರನ್ನು ಸೂಚಿಸಿದರು. ಅಪಾಯದ ಬಾಳೆಂದು ತಿಳಿದೂ ಆ ತರುಣಿ ಆಲೋಚಿಸಿ ಒಪ್ಪಿದಳು. 1918ರಲ್ಲಿ ವಿವಾಹವಾಯಿತು. ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. 1923ರಲ್ಲಿ ಬೋಸರಿಗೆ ಜಪಾನಿನ ಪೌರತ್ವವೂ ದೊರೆಯಿತು. ನಿರ್ಭಯವಾದ ಸಂಸಾರ ಆರಂಭವಾಯಿತೆನ್ನುವಷ್ಟರಲ್ಲಿ, 1925ರಲ್ಲಿ ತೋಷಿಕೋ ತೀರಿಕೊಂಡಳು. ಬೋಸರು ಮತ್ತೆ ಮದುವೆಯಾಗಲಿಲ್ಲ.

ಆದರೂ ಅತ್ತೆಮಾವಂದಿರ ನಂಟು ಸಡಿಲಾಗಲಿಲ್ಲ. 1927ರಲ್ಲಿ ನಾಕಾಮುರಾಯಾ ಉಪಾಹಾರ ಮಂದಿರವನ್ನು ತೆರೆದಾಗ ಬೋಸರು ಭಾರತೀಯ ರೀತಿಯ ಕೋಳಿಸಾರನ್ನು ಬಡಿಸಲು ಸಲಹೆ ನೀಡಿದರು. ಜಪಾನೀಯರಿಗೆ ಅಲ್ಲಿಯವರೆಗೆ ತಿಳಿದಿದ್ದುದು ಬ್ರಿಟನ್ನಿನ ಮೂಲಕ ಬಂದ, ಹಿಟ್ಟು ಬೆರೆಸಿ ಗಟ್ಟಿಮಾಡಿದ ಸಾರು. ನಮ್ಮ ಅಡುಗೆಯ ನಿಜವಾದ ರುಚಿಯನ್ನು ತೋರಿಸುವುದೂ ಬೋಸರಿಗೆ ದೇಶಸೇವೆಯೇ ಆಗಿತ್ತು. ಮಸಾಲೆಯ ಕಂಪಿಗೆ ಮೊದಲು ಹಿಂಜರಿದ ಗಿರಾಕಿಗಳು ಕ್ರಮೇಣ ಬೆಲೆ ಹೆಚ್ಚಾದರೂ ಅದನ್ನೇ ಬಯಸಿ ಬಂದರು. ಆ ಸಾರು ಇಂದಿಗೂ ಅಲ್ಲಿ ದೊರೆಯುತ್ತದೆ.

ಕಿಮೋನೊ ಧರಿಸಿದರೂ ಬೋಸರ ಮನಸ್ಸು ಭಾರತದಲ್ಲಿಯೇ ಇತ್ತು. 1942ರಲ್ಲಿ ಅವರು ಪೂರ್ವ ಏಷ್ಯದ ಭಾರತೀಯರನ್ನು ಸ್ವಾತಂತ್ರ್ಯ ಸಂಘದಲ್ಲಿ ಒಗ್ಗೂಡಿಸಿದರು. ಕೊರಿಯವನ್ನು ಆಳುತ್ತ, ಚೀನದ ಮೇಲೆ ಯುದ್ಧ ಹೂಡಿದ್ದ ಜಪಾನನ್ನು ನಂಬಿದುದಕ್ಕಾಗಿ ಅವರು ಟೀಕೆಗೂ ಗುರಿಯಾದರು. 1943ರ ಜುಲೈ 4ರಂದು ಸಿಂಗಪುರದಲ್ಲಿ, ತಮಗಿಂತ ಕಿರಿಯರಾದ ಸುಭಾಷ್‌ಚಂದ್ರ ಬೋಸರಿಗೆ ನಾಯಕತ್ವವನ್ನು ಸಂತೋಷದಿಂದ ಒಪ್ಪಿಸಿದರು. 1945ರ ಜನವರಿ 21ರಂದು ಟೋಕಿಯೋದಲ್ಲಿ ನಿಧನರಾದರು. ಅದೇ ವರ್ಷ ಅವರ ಮಗ ಮಸಾಹಿದೆ ಓಕಿನಾವಾ ಯುದ್ಧದಲ್ಲಿ ಮಡಿದನು. ಸ್ವತಂತ್ರ ಭಾರತವನ್ನು ಕಾಣುವ ಭಾಗ್ಯ ತಂದೆಗೂ ಇರಲಿಲ್ಲ, ಮಗನಿಗೂ ಇರಲಿಲ್ಲ.

ಬೋಸರ ತ್ಯಾಗವನ್ನು ನೆನೆಯುವಾಗ ಆ ರೊಟ್ಟಿಯಂಗಡಿಯ ದಂಪತಿಗಳನ್ನೂ, ಗುಟ್ಟನ್ನು ಕಾಯ್ದ ಹೆಸರಿಲ್ಲದ ಕೆಲಸಗಾರರನ್ನೂ ನೆನೆಯಬೇಕು. ನಮ್ಮ ಸ್ವಾತಂತ್ರ್ಯದ ಋಣದಲ್ಲಿ ಅವರದೂ ಒಂದು ಪಾಲಿದೆ.